ಕಿಟಕಿಗೆ ಬಂದ ಪತಂಗಗಳು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಪತಂಗಗಳನ್ನು ಹಿಡಿದು, ರೆಕ್ಕೆ ಅಳೆದು, ಹೊಸ ಜಾತಿಯಾದರೆ ಹೆಸರಿಟ್ಟು ಅದರ ಕುಲ ಗೊತ್ತುಮಾಡುವುದೇ ನನ್ನ ಉದ್ಯೋಗವಾಗಿತ್ತು. ಕಣ್ಣಾರೆ ಕಂಡದ್ದನ್ನೂ ಅನುಮಾನಿಸುವವಳು ನಾನು. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಧೈರ್ಯ ನನಗಿಲ್ಲ.

ನಾನು ಹೆಸರಿಟ್ಟವುಗಳಲ್ಲಿ ಒಂದು ಬೂದು ಬಣ್ಣದ ಪುಟ್ಟ ಪತಂಗ. ಹಿಂದಿನ ರೆಕ್ಕೆಯ ಮೇಲೆ ಎಳ್ಳಿನಷ್ಟು ಬೆಳ್ಳಿ ಮಚ್ಚೆ. ಊರಾಚೆಯ ಒಂದು ಬಂಡೆಗುಡ್ಡ ಬಿಟ್ಟರೆ ಬೇರೆಲ್ಲೂ ಅದು ಸಿಗಲಿಲ್ಲ. ಆ ಗುಡ್ಡವನ್ನು ಜಲ್ಲಿಗಾಗಿ ಸಿಡಿಸಿಬಿಟ್ಟರು. ಆಮೇಲೆ ಮುಂಗಾರು ಬಂದಾಗಲೆಲ್ಲ ಸುತ್ತಲಿನ ಗುಡ್ಡ ಹುಡುಕಿ ಬರಿಗೈಯಲ್ಲಿ ಮರಳಿದೆ. ಹೆಣ್ಣು ಪತಂಗವೆಂದು ನಮ್ಮಲ್ಲಿ ಉಳಿದದ್ದು ಸೂಜಿಗೆ ಚುಚ್ಚಿಟ್ಟಿದ್ದ ಒಂದೇ ಒಂದು. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನವರು ನಮ್ಮ ಸಂಗ್ರಹದ ಕೊಠಡಿಯನ್ನು ತೆರವು ಮಾಡಿಸಿದಾಗ ಅದಿದ್ದ ಪೆಟ್ಟಿಗೆಯನ್ನು ಚಾಮರಾಜಪೇಟೆಯ ಮನೆಗೆ ತಂದಿಟ್ಟುಕೊಂಡೆ.

ಅದೊಂದು ಮುಸ್ಸಂಜೆ. ಆಗಷ್ಟೇ ಮಳೆ ನಿಂತಿತ್ತು, ಕರೆಂಟ್ ಹೋಗಿತ್ತು. ಬೂಷ್ಟು ಹಿಡಿದಿದೆಯೇ ನೋಡೋಣವೆಂದು ಪೆಟ್ಟಿಗೆ ತೆರೆದೆ. ಸ್ವಲ್ಪ ಹೊತ್ತಿಗೆ ನನ್ನ ಅಕ್ಕ ಸರೋಜ ಬಾಗಿಲಿಗೆ ಬಂದವಳೇ ಕೂಗಿದಳು.

"ಅಯ್ಯೋ, ಆ ಕಿಟಕಿ ನೋಡೇ! ತುಂಬ ಏನೋ ಹುಳ ಬಂದ್ಬಿಟ್ಟಿದೆ!"

ದೀಪವಿದ್ದದ್ದು ಅಡುಗೆಮನೆಯಲ್ಲಿ. ಅವು ಕೂತಿದ್ದದ್ದು ನನ್ನ ಕತ್ತಲ ಕೋಣೆಯ ಸೊಳ್ಳೆಜಾಲರಿಯ ಮೇಲೆ. ಟಾರ್ಚ್ ಬಿಟ್ಟೆ. ಬೆಳ್ಳಿ ಮಚ್ಚೆ! ಎಲ್ಲವೂ ಗಂಡು. ಮೀಸೆ ಅರಳಿಸಿ, ರೆಕ್ಕೆ ನಡುಗಿಸುತ್ತ ಒಳಗೆ ಬರಲು ತಡಕಾಡುತ್ತಿದ್ದವು. ಹೆಣ್ಣು ಸೂಸುವ ವಾಸನೆಗೆ ಗಂಡು ಪತಂಗ ಬಹುದೂರದಿಂದ ಬರುವುದುಂಟು. ಆದರೆ ಒಣಗಿ ಹಪ್ಪಳವಾಗಿ, ನುಸಿಗುಳಿಗೆಯ ಘಾಟು ಹಿಡಿದಿದ್ದ ಇದರಲ್ಲಿ ಯಾವ ವಾಸನೆ? ಪೆಟ್ಟಿಗೆಯನ್ನು ನಡುಮನೆಗೆ ಒಯ್ದೆ. ಅವೂ ಅಲ್ಲಿನ ಕಿಟಕಿಗೆ ಬಂದವು.

ಜಾಲರಿ ತೆಗೆದೆ. ಒಳಗೆ ಬಂದು ಸೂಜಿಯ ಸುತ್ತ ಮುತ್ತಿಕೊಂಡವು.

"ಅದು ಸತ್ತೋಗಿದೆ ಅಂತ ಅವಕ್ಕೆ ಗೊತ್ತಾಗಲ್ವೇನೇ?" ಎಂದಳು ಅಕ್ಕ, ಮೆಲ್ಲಗೆ.

ನಾನು ಅವುಗಳಲ್ಲಿ ಒಂದರ ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ಅಷ್ಟರಲ್ಲಿ ಕರೆಂಟ್ ಬಂತು. ಬೆಳಕಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಮನೆಯಲ್ಲಿ ಒಂದೂ ಇರಲಿಲ್ಲ. ಲೋಟ ಬೋರಲಾಗಿಯೇ ಇತ್ತು. ಅದರೊಳಗೆ ರೆಕ್ಕೆಯ ಪುಡಿ ಕೂಡ ಇರಲಿಲ್ಲ.

ಜೊತೆಗೆ ಕೆಲಸ ಮಾಡಿದ್ದವರೊಬ್ಬರಿಗೆ ಹೇಳಿದೆ. "ಅಕ್ಕಿ ಹುಳ ಇರ್ಬೇಕು ಬಿಡಿ ಮೇಡಂ. ನಿಮಗೆ ಯಾವಾಗಲೂ ಅದೇ ಧ್ಯಾನ" ಎಂದರು. ಅಕ್ಕಿ ಹುಳ ಯಾವುದು ಎಂದು ನನಗೆ ತಿಳಿಯದೆ? ಮರುದಿನವೇ ಗುಡ್ಡದ ಜಾಗಕ್ಕೆ ಹೋದೆ. ಆಳದ ಹೊಂಡ, ಅದರಲ್ಲಿ ಹಸಿರು ನೀರು. ಮರಿ ತಿನ್ನುವ ಗಿಡವೇ ಇಲ್ಲದ ಮೇಲೆ ಪತಂಗ ಎಲ್ಲಿಯದು? ಆಮೇಲೆ ಎಷ್ಟೋ ಮುಸ್ಸಂಜೆ ಪೆಟ್ಟಿಗೆ ತೆರೆದು ಕಿಟಕಿಯ ಬಳಿ ಕೂತೆ. ಯಾವುದೂ ಬರಲಿಲ್ಲ.

ನನ್ನೊಂದಿಗೆ ನೋಡಿದ್ದ ಅಕ್ಕ ಈಗಿಲ್ಲ. ಅಳಿದುಹೋದ ಜೀವಿಗಳ ಪಟ್ಟಿ ಮಾಡುವವರು ಆ ಜಾತಿಯ ಬಗ್ಗೆ ಅಭಿಪ್ರಾಯ ಕೇಳಿದಾಗ, ಅದು ನಿರ್ನಾಮವಾಗಿದೆ ಎಂದು ನಾನೇ ಬರೆದುಕೊಟ್ಟೆ. ಬರೆದದ್ದು ಸುಳ್ಳಲ್ಲ. ಅವತ್ತು ಕಂಡದ್ದೂ ಸುಳ್ಳಲ್ಲ.