ಕೀಲಿ ಕೊಡದ ಗಡಿಯಾರ

ಹೆದರಿದ ಮನಸ್ಸು ಇಲ್ಲದ್ದನ್ನೆಲ್ಲ ಕಾಣುತ್ತದೆ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ನಾನೂ ಅದನ್ನೇ ನಂಬಿ, ನೆರೆಮನೆಯವರ ದೆವ್ವದ ಕತೆಗಳಿಗೆ ನಗುತ್ತಿದ್ದವಳು. ಹಾಗಾಗಿ ಇದನ್ನು ಬರೆಯಲು ಇಂದಿಗೂ ಸಂಕೋಚ.

ಆಗ ನಾವು ಹರಿಹರದಲ್ಲಿದ್ದೆವು. ಆರು ವರ್ಷದ ಮಗಳು ಗಿರಿಜಳ ಕುತ್ತಿಗೆಯಲ್ಲಿ ಕ್ಷಯದ ಗಂಟುಗಳಾಗಿದ್ದವು. ದಾವಣಗೆರೆಯ ಡಾಕ್ಟರು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಬರೆದುಕೊಟ್ಟು, "ಇದು ಕೆಲವು ಮಕ್ಕಳ ಕಿವಿ ತಿಂತೈತೆ ತಾಯಿ. ದಿನಾ ನೋಡ್ಕೊಂತಿರ್ರಿ. ಕಿವಿ ಮಂದ ಆತು ಅನ್ಸಿದ್ರೆ ಅವತ್ತೇ ನಿಲ್ಸಿ ಕರ್ಕಂಡು ಬರ್ರಿ" ಎಂದರು. ನಿಲ್ಲಿಸಿದರೆ ಗಂಟಿನ ಭಯ, ನಿಲ್ಲಿಸದಿದ್ದರೆ ಕಿವಿಯ ಭಯ.

ನಾನೇ ಒಂದು ಪರೀಕ್ಷೆ ಕಂಡುಕೊಂಡೆ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಗಿರಿಜಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಕಣ್ಣಿಗೆ ಹಳೆಯ ಸೀರೆಯ ತುಂಡು ಕಟ್ಟುತ್ತಿದ್ದೆ. ಅಲಾರಾಂ ಗಡಿಯಾರ ಹಿಡಿದು, ನೆಲದ ಒಂದೊಂದೇ ಕಲ್ಲುಚಪ್ಪಡಿ ಹಿಂದೆ ಸರಿಯುತ್ತಿದ್ದೆ. ಟಿಕ್ ಟಿಕ್ ಸದ್ದು ಬಂದತ್ತ ಅವಳು ಬೆರಳು ತೋರಿಸಬೇಕು. ಐದನೆಯ ಚಪ್ಪಡಿಯವರೆಗೆ ಕೇಳಿದರೆ ಅಂದಿಗೆ ನಿಶ್ಚಿಂತೆ.

ಒಂದೂವರೆ ತಿಂಗಳಾಗಿತ್ತು. ಸೂಜಿ ಚುಚ್ಚಿದ ನೋವಿಗೆ ಅವಳು ಹೊರಳಾಡುತ್ತಿದ್ದಳು, ನನಗೂ ನಿದ್ದೆಯಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುವಷ್ಟು ದಣಿದಿದ್ದೆ. ಅಂದು ಐದನೆಯ ಚಪ್ಪಡಿ ದಾಟಿದೆ. ಬೆರಳು ನನ್ನತ್ತಲೇ ಇತ್ತು. ಏಳು, ಎಂಟು. ಬಲಕ್ಕೆ ಸರಿದೆ, ಬೆರಳೂ ಬಲಕ್ಕೆ ಬಂತು. ಮೆಲ್ಲಗೆ ಬಾಗಿಲ ಹೊರಗೇ ಹೋದೆ.

"ಅವ್ವಾ, ಹೊಸ್ತಿಲ ಆಚಿಗೈತೆ! ನಂಗೇ ಮೋಸ ಮಾಡ್ತೀಯೇನು?" ಎಂದು ನಕ್ಕಳು.

ನನಗೂ ನಗು ಬಂತು. ಗಂಟೆ ಎಷ್ಟಾಯಿತೆಂದು ನೋಡಿದೆ. ಏಳು ಹತ್ತು. ಹಿಂದಿನ ದಿನ ಕೀಲಿ ಕೊಡಲು ಮರೆತಿದ್ದೆ; ಗಡಿಯಾರ ಬೆಳಗ್ಗೆಯೇ ನಿಂತುಹೋಗಿತ್ತು. ದಣಿವಿನಲ್ಲಿ ನನಗದು ಗೊತ್ತೇ ಆಗಿರಲಿಲ್ಲ.

ಔಷಧಿಯಿಂದ ಅವಳ ಕಿವಿಯೊಳಗೇ ಸದ್ದು ಹುಟ್ಟಿತೇನೋ ಎಂದು ಹೆದರಿದೆ. ಬರಿಗಾಲಲ್ಲಿ ಅಡುಗೆಮನೆಗೆ ಹೋಗಿ ಗಡಿಯಾರವನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು ಬಂದೆ. ಗಿರಿಜ ಕಣ್ಣಿನ ಬಟ್ಟೆ ಬಿಚ್ಚದೆಯೇ ಎದ್ದಳು. ಗೋಡೆ ಸವರುತ್ತ ನೆಟ್ಟಗೆ ಹೋಗಿ ಆ ಡಬ್ಬಿಯ ಮೇಲೆ ಕೈಯಿಟ್ಟಳು.

ಮರುದಿನ ಮೊದಲ ರೈಲಿಗೇ ದಾವಣಗೆರೆಗೆ ಹೋದೆವು. ಡಾಕ್ಟರು ಅವಳ ಬೆನ್ನ ಹಿಂದೆ ಪಿಸುಗುಟ್ಟಿ, ತಮ್ಮ ಕೈಗಡಿಯಾರ ಹಿಡಿದು, ಎಲ್ಲ ನೋಡಿದರು. ಕಿವಿ ಚೆನ್ನಾಗಿತ್ತು, ಮೊರೆತವೂ ಇರಲಿಲ್ಲ. ನನ್ನ ಮಾತು ಕೇಳಿ, "ಮಗೂಗೆ ಏನೂ ಆಗಿಲ್ಲ. ಈಗ ಸೂಜಿ ಬೇಕಾಗಿರೋದು ನಿಮಗ, ನಿದ್ದೀದು" ಎಂದು ನಕ್ಕರು.

ಇಂಜೆಕ್ಷನ್ ಮುಗಿಯಿತು, ಗಂಟುಗಳೂ ಕರಗಿದವು. ಗಿರಿಜಳಿಗೆ ಆ ದಿನದ ನೆನಪಿಲ್ಲ. ದಣಿದವಳ ಭ್ರಮೆ ಎಂದುಕೊಳ್ಳೋಣವೆಂದರೆ, ಆ ಸಂಜೆ ಅನ್ನಕ್ಕಿಡಲು ಡಬ್ಬಿ ತೆರೆದಾಗ ಗಡಿಯಾರ ಅಕ್ಕಿಯೊಳಗೇ ಇತ್ತು, ಏಳು ಹತ್ತಕ್ಕೆ ನಿಂತು. ಕಿವಿಗೆ ಹಿಡಿದೆ. ಏನೂ ಕೇಳಲಿಲ್ಲ.

ಈಗಲೂ ಒಮ್ಮೊಮ್ಮೆ ಅದು ನಿಂತಿದ್ದಾಗ, ಕೀಲಿ ಕೊಡುವ ಮುಂಚೆ, ಕಿವಿಗೆ ಹಿಡಿದು ನೋಡುತ್ತೇನೆ.