ನಕ್ಷೆ ಮಾಮ
ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವವರನ್ನು ಎಲ್ಲರೂ ನಕ್ಷೆ ಮಾಮ ಎನ್ನುತ್ತಾರೆ. ಊರು ಇನ್ನು ಇಪ್ಪತ್ತು ವರ್ಷ ಹೇಗೆ ಬೆಳೆಯಬೇಕು ಎಂಬುದು ಅವರ ಮೇಜಿನ ಮೇಲೆ ಹರಡಿರುತ್ತದೆ: ಹಳದಿ ಮನೆಗೆ, ನೀಲಿ ಅಂಗಡಿಗೆ, ಹಸಿರು ಉದ್ಯಾನಕ್ಕೆ. ಹತ್ತಿರ ಯಾರಾದರೂ ಕಾಫಿ ಲೋಟ ತಂದರೆ "ಊರು ಮುಳುಗಿಸ್ತೀಯೇನಪ್ಪಾ?" ಎಂದು ಗದರುತ್ತಾರೆ. "ಹಳದೀಲಿ ಒಂದೇ ಒಂದು ಅಂಗಡಿ ಸಾರ್, ಕಣ್ಣು ಮುಚ್ಕೊಳ್ಳಿ" ಎಂದು ಬಂದವರಿಗೆ, "ನಾನು ಕಣ್ಣು ಮುಚ್ಚಿದ್ರೆ ನಾಳೆ ನಿಮ್ಮನೆ ಪಕ್ಕ ಗಿರಣಿ ಬರುತ್ತೆ, ಆಗ ನೀವು ಕಿವಿ ಮುಚ್ಕೋಬೇಕು" ಎನ್ನುತ್ತಾರೆ. ಮನೆಯಲ್ಲೂ ಅಷ್ಟೇ, ಹೆಂಡತಿ ಬಟ್ಟೆ ಒಣಗಿಸಲು ಹಜಾರದಲ್ಲಿ ಹಗ್ಗ ಕಟ್ಟಿದರೆ "ಇದು ಓಡಾಡೋ ದಾರಿ ಕಣೇ" ಎಂದು ತಗಾದೆ ತೆಗೆಯುತ್ತಾರೆ. ಇದನ್ನೆಲ್ಲ ಹೇಳಿಕೊಂಡು ನಗುವವರಿಗೆ ಅವರ ಅಕ್ಕನ ಸಂಗತಿ ಗೊತ್ತಿಲ್ಲ. ಕರಡು ಯೋಜನೆ ಪ್ರಕಟವಾದಾಗ ಅಕ್ಕನ ಖಾಲಿ ನಿವೇಶನ ಹಸಿರಿನಲ್ಲಿತ್ತು. ಆಕ್ಷೇಪಣೆಯ ಅರ್ಜಿ ಹಿಡಿದು ಬಂದ ಅಕ್ಕ "ಒಂದು ಗೆರೆ ಸರಿಸೋಕೆ ಆಗಲ್ವೇನೋ?" ಎಂದು ಕೇಳಿದಳು. "ಆ ಬಡಾವಣೇಲಿ ಮಕ್ಕಳು ಆಡೋಕೆ ಇನ್ನೊಂದು ಜಾಗ ತೋರಿಸಕ್ಕಾ, ಈಗ್ಲೇ ಸರಿಸೋಕೆ ಬರೀತೀನಿ" ಎಂದರು ಮಾಮ. ತೋರಿಸಲಾರದೆ ಅವಳು ಎದ್ದುಹೋದಳು. ನಿವೇಶನಕ್ಕೆ ಪರಿಹಾರದ ಹಣ ಸಿಕ್ಕಿತು, ಅಲ್ಲಿ ಉದ್ಯಾನವೂ ಆಯಿತು. ಅಕ್ಕ ಮಾತ್ರ ತಮ್ಮನ ಮನೆಗೆ ಮತ್ತೆ ಬರಲಿಲ್ಲ. ಮಾಮ ದಿನಾ ಸಂಜೆ ಉದ್ಯಾನದ ಗೇಟಿನವರೆಗೆ ಹೋಗಿ, ಮಕ್ಕಳ ಗದ್ದಲ ಕೇಳಿಸಿಕೊಂಡು, ಒಳಗೆ ಕಾಲಿಡದೆ ಹಿಂದಿರುಗುತ್ತಾರೆ. ಯಾಕೆಂದು ಕೇಳಿದರೆ, "ಅಕ್ಕನ ಜಾಗ, ಅವಳು ಕರೀದೆ ಹೇಗೆ ಹೋಗ್ಲಿ?" ಎನ್ನುತ್ತಾರೆ.