ಮೇಷ್ಟ್ರು ಎಣಿಸಿದ ನಾಲ್ಕು

ಕೊನೆಯ ನಾಲ್ಕೈದು ವರ್ಷ ನಮ್ಮ ಡ್ರಿಲ್ ಮೇಷ್ಟ್ರ ಬಲಗೈ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ನೋಡಲಿಲ್ಲ. ಬಾಕಿ ಮೈಯೆಲ್ಲ ಬಾವುಟದ ಕಂಬದ ಹಾಗೆ ನೆಟ್ಟಗೆ ನಿಂತಿದ್ದರೂ ಅದೊಂದು ಮಾತ್ರ ತೋರುಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದೇ ತುದಿಯನ್ನು ಮುಟ್ಟುತ್ತ ಹೋಗುತ್ತಿತ್ತು. ನಾಲ್ಕಕ್ಕೆ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ.

ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಸಂಜೆ ಆ ಕಲ್ಲುಗಳ ನಡುವೆ ಅವರು ಅಡ್ಡಾಡಲು ಹೊರಟರೆ ಎರಡು ಮಾರು ಹಿಂದೆ ನಾನು: ಅದೇ ನಡಿಗೆ, ಅದೇ ಬೆರಳು. ಕಂಡವರನ್ನೆಲ್ಲ ಆಡಿ ತೋರಿಸುವುದು ನನ್ನ ರೋಗ. ನನ್ನನ್ನೇ ಆಡಿ ತೋರಿಸು ಎಂದರೆ ಮಾತ್ರ ತೋಚುವುದಿಲ್ಲ. ಮೂಗು ದೊಡ್ಡದು ಎಂಬುದಷ್ಟೇ ಖಾತ್ರಿ. ಮೇಷ್ಟ್ರು ಹಿಂತಿರುಗದೆಯೇ, “ಎಡಗಾಲು ತಪ್ಪು ಹಾಕ್ತಿದೀಯಲ್ಲೋ ಮಂಗ,” ಎನ್ನುತ್ತಿದ್ದರು.

ಅವರು ಸೈನ್ಯದಲ್ಲಿ ಇದ್ದು ಬಂದವರು. ಊರಿನಲ್ಲಿ ಬಾಕ್ಸಿಂಗ್ ಪಂದ್ಯವಾದರೆ ರೆಫರಿ ಅವರೇ. ನಾನು ನೋಡಿದ್ದು ಒಂದೇ ಪಂದ್ಯ, ಪಕ್ಕದ ರಸ್ತೆಯಲ್ಲಿದ್ದ, ನಾವು ಹುಡುಗರೆಲ್ಲ ಅಣ್ಣ ಎನ್ನುತ್ತಿದ್ದವನದು. ಆತ ಒಂದು ಗಿರಣಿಯಲ್ಲಿ ಗೇಟ್ ಕಾಯುತ್ತಿದ್ದ. ಭಾನುವಾರ ಮಧ್ಯಾಹ್ನ, ಕಂಟೋನ್ಮೆಂಟಿನ ಮೈದಾನ. ಮೂರನೆಯ ಸುತ್ತಿನಲ್ಲಿ ಅಣ್ಣನ ಕಿವಿಯ ಮೇಲೊಂದು ಏಟು ಬಿತ್ತು. ಆತ ಬೀಳಲಿಲ್ಲ. ನಿಧಾನವಾಗಿ ಎದುರಾಳಿಗೆ ಬೆನ್ನು ತಿರುಗಿಸಿ ಖಾಲಿ ಮೂಲೆಯ ಕಡೆ ನಡೆದ. ಎದುರಾಳಿ ಹಿಂದಿನಿಂದಲೇ ಇನ್ನೊಂದು ಕೊಟ್ಟ. ಆಮೇಲೆ ಮೇಷ್ಟ್ರು ನುಗ್ಗಿ ಬಂದು ಅಣ್ಣನನ್ನು ತಬ್ಬಿ ಹಿಡಿದರು, ಪಂದ್ಯ ಮುಗಿಯಿತು. “ಓಡ್ತಾನೆ ನೋಡ್ರೋ,” ಎಂದು ಹಿಂದಿನ ಬೆಂಚಿನವರು ನಕ್ಕರು. ನಾನೂ ನಕ್ಕೆ.

ಅಣ್ಣ ತಾನಾಗಿ ಕೈಚೆಲ್ಲಿದನೋ, ಮೇಷ್ಟ್ರು ನಿಲ್ಲಿಸಿದರೋ? ಹೋಟೆಲಿನ ಕಾಫಿಗೆ ತಿಂಗಳುಗಟ್ಟಲೆ ಇದೇ ನೆಂಚಿಕೆ. ಮೇಷ್ಟ್ರನ್ನು ಕೇಳಿದರೆ ಒಂದೇ ಉತ್ತರ: “ಅವನು ಬಿಡಲಿಲ್ಲ. ನಾನು ನಿಲ್ಲಿಸ್ದೆ.” ಪಕ್ಕದ ರಸ್ತೆ ಹುಡುಗನ ಮಾನ ಮುಚ್ಚುತ್ತಿದ್ದಾರೆ ಎಂದುಕೊಂಡಿತು ಜನ.

ಆ ಸಲದ ಗಣೇಶನ ಪೆಂಡಾಲಿನಲ್ಲಿ ನಾನು ಆಡಿದ್ದು ಅದನ್ನೇ. ಏಟು, ತಿರುಗುವುದು, ಬೆನ್ನು. ಜನ ಹೊಟ್ಟೆ ಹಿಡಿದುಕೊಂಡರು. ಮೂರನೆಯ ಸಾಲಿನಲ್ಲಿ ಅಣ್ಣನೂ ನಗುತ್ತಿದ್ದ. ಪಕ್ಕದ ಖಾಲಿ ಕುರ್ಚಿಯ ಕಡೆ ಬಾಗಿ ಏನೋ ಹೇಳುತ್ತಿದ್ದ. ತಮಾಷೆ ಇರಬೇಕು ಅಂದುಕೊಂಡೆ. ಮಾರನೆಯ ದಿನದಿಂದ ಮಕ್ಕಳು ಅವನನ್ನು ಕಂಡರೆ “ಬೆನ್ನಣ್ಣ” ಎಂದು ಕೂಗಿ ಓಡತೊಡಗಿದರು. ಅವನು ನಮ್ಮ ರಸ್ತೆಗೆ ಬರುವುದನ್ನೇ ಬಿಟ್ಟ.

ಒಂದು ಸಂಜೆ ಮೇಷ್ಟ್ರು ತಮ್ಮ ಮನೆಯ ಜಗುಲಿಗೆ ಕರೆದರು.

“ಪೆಂಡಾಲಲ್ಲಿ ಆಡಿದ್ಯಲ್ಲ, ಅದನ್ನ ಇಲ್ಲಿ ಆಡು.”

“ಹೊಡೆಯಲ್ಲ ತಾನೆ ಸಾರ್?”

“ಆಡು.”

ಆಡಿದೆ. ಬೆನ್ನು ತಿರುಗಿಸಿದ ಕೂಡಲೇ ಹಿಂದಿನಿಂದ ಅವರ ದನಿ: “ಒಂದು. ಎರಡು. ಮೂರು. ನಾಲ್ಕು.” ಆಮೇಲೆ ಎದ್ದು, ಸುತ್ತಿ ಬಂದು ನನ್ನೆದುರು ನಿಂತರು.

“ಈಗ ಅವನ ಮುಖ ಮಾಡು.”

ನಾವು ಕೂತಿದ್ದ ಕಡೆಗೆ ಕಂಡದ್ದು ಬೆನ್ನೊಂದೇ. “ಮುಖ ನೋಡ್ಲಿಲ್ಲ ಸಾರ್.”

“ನಾನು ಮಾಡ್ತೀನಿ.”

ಜೀವಮಾನದಲ್ಲಿ ಯಾರನ್ನೂ ಆಡಿ ತೋರಿಸದ ಮನುಷ್ಯ. ಎರಡೂ ಮುಷ್ಟಿಗಳನ್ನು ಗಲ್ಲದ ಹತ್ತಿರ ತಂದರು. ಕಣ್ಣು ನನ್ನ ಎಡಭುಜದಿಂದ ಒಂದು ಮೊಳ ಆಚೆಗೆ ನೆಟ್ಟವು. ಅಲ್ಲಿ ಯಾರೋ ಅತ್ತಿತ್ತ ಹೆಜ್ಜೆ ಬದಲಿಸುತ್ತಿರುವ ಹಾಗೆ ಆ ಕಣ್ಣುಗಳೂ ಅತ್ತಿತ್ತ ಸರಿದವು. ತುಟಿಯಲ್ಲಿ ಸಣ್ಣ ನಗು. ತಿರುಗಿ ನೋಡಿದೆ. ಗೋಡೆಗೆ ಒರಗಿಸಿದ ಸೈಕಲ್ ಬಿಟ್ಟರೆ ಏನೂ ಇಲ್ಲ. ಆದರೂ ಒಂದು ಹೆಜ್ಜೆ ಸರಿದು ಜಾಗ ಬಿಟ್ಟೆ.

“ಅಲ್ಲಿ ಇನ್ನೊಬ್ಬ ಕಾಣ್ತಿದ್ದ ಅವನಿಗೆ,” ಎಂದರು ಮೇಷ್ಟ್ರು. “ಓಡಿದ್ದಲ್ಲ. ಆ ಇನ್ನೊಬ್ಬನ ಮೇಲೆ ಹೋಗ್ತಿದ್ದ. ನಾನೂ ನಿನ್ನ ಥರಾನೇ ಬೆನ್ನು ನೋಡ್ಕೊಂಡು ನಿಂತೆ. ಬಿಟ್ಟನೋ ಇಲ್ವೋ ಅಂತ ನಾಲ್ಕು ಎಣಿಸ್ದೆ. ಆ ನಾಲ್ಕರೊಳಗೇ ಕಣೋ ಎರಡನೇ ಏಟು ಬಿದ್ದಿದ್ದು. ಆಮೇಲೆ ಮುಂದಕ್ಕೆ ಹೋಗಿ ಮುಖ ನೋಡ್ದೆ.”

ಅವರ ಹೆಬ್ಬೆರಳು ಓಡುತ್ತಿತ್ತು. ಆ ಪಂದ್ಯಕ್ಕೆ ಮೊದಲು ಅದು ಹೀಗೆ ಓಡುತ್ತಿತ್ತೇ ಎಂದು ನೆನಪಿಸಿಕೊಂಡೆ. ಇಲ್ಲ.

“ಜನಕ್ಕೆ ಹೇಳಬಹುದಿತ್ತಲ್ಲ ಸಾರ್?”

“ಇಲ್ಲದೋನು ಕಾಣ್ತಾನೆ ಅಂದ್ರೆ ಗಿರಣಿಯೋರು ಗೇಟಲ್ಲಿ ಇಟ್ಕೋತಾರಾ? ಹೇಡಿ ಅಂದ್ರೆ ಕೆಲಸ ಹೋಗಲ್ಲ. ಹೇಳೋದು ಬೇಡ ಅಂದೋನು ಅವನೇ.” ಆಮೇಲೆ, “ಆ ಇನ್ನೊಬ್ಬ ಈಗಲೂ ಒಂದೊಂದ್ಸಲ ಬರ್ತಾನಂತೆ,” ಎಂದರು.

ಪೆಂಡಾಲಿನ ಖಾಲಿ ಕುರ್ಚಿ ಕಣ್ಣೆದುರು ಬಂತು. ಆ ಆಟವನ್ನು ಅವತ್ತಿಗೇ ಬಿಟ್ಟೆ. ಮಕ್ಕಳ ಬಾಯಿಗೆ ಹಾಕಿದ್ದನ್ನು ವಾಪಸ್ಸು ತೆಗೆಯುವ ವಿದ್ಯೆ ಮಾತ್ರ ನನಗೆ ಬರುತ್ತಿರಲಿಲ್ಲ. ಅಣ್ಣ ಈಗ ಗಿರಣಿ ಬಿಟ್ಟಿದ್ದಾನೆ. ಇದನ್ನೆಲ್ಲ ಬರೆಯಲೇ ಎಂದರೆ, “ಬರಿಯೋ, ಪೂರ್ತಿ ಬರಿ,” ಎಂದದ್ದು ಅವನೇ.

ಹೋದ ಮಾಘದಲ್ಲಿ ಮೇಷ್ಟ್ರು ತೀರಿಕೊಂಡರು. ಬೆಳಿಗ್ಗೆ ವಿಲ್ಸನ್ ಗಾರ್ಡನ್ನಿನ ಸ್ಮಶಾನಕ್ಕೆ ಅಣ್ಣನೂ ಬಂದಿದ್ದ, ದೂರ ನಿಂತಿದ್ದ. ಚಿತೆಗೆ ಬೆಂಕಿ ಇಡುವ ಹೊತ್ತಿಗೆ ಇದ್ದಕ್ಕಿದ್ದಂತೆ ಬೆನ್ನು ತಿರುಗಿಸಿದ. “ನೋಡ್ದಾ, ಇಲ್ಲೂ ಬೆನ್ನು,” ಎಂದರು ನನ್ನ ಹಿಂದಿದ್ದವರು ಯಾರೋ.

ನಾನು ಓಡಿ ಸುತ್ತಿಕೊಂಡು ಅವನೆದುರು ಹೋದೆ. ಮುಷ್ಟಿ ಗಲ್ಲದ ಹತ್ತಿರ ಇತ್ತು. ಕಣ್ಣು ನನ್ನ ಎಡಭುಜದಿಂದ ಒಂದು ಮೊಳ ಆಚೆ. ಅದೇ ಸಣ್ಣ ನಗು; ಮೇಷ್ಟ್ರು ಕೂದಲೆಳೆಯಷ್ಟೂ ತಪ್ಪದೆ ಮಾಡಿದ್ದರು.

ನನ್ನ ಹೆಬ್ಬೆರಳು ಆಗಲೇ ತೋರುಬೆರಳನ್ನು ಮುಟ್ಟಿತ್ತು. ನಾನು ಎಣಿಸಲಿಲ್ಲ. ಅಣ್ಣನನ್ನು ತಬ್ಬಿ ಹಿಡಿದು ಮೇಷ್ಟ್ರ ಗಂಟಲಿನಲ್ಲಿ, “ಮುಗೀತು. ನಾನು ನಿಲ್ಲಿಸ್ದೆ,” ಎಂದೆ. ಅವರ ದನಿ ಅಷ್ಟು ಸರಿಯಾಗಿ ನನಗೆ ಎಂದೂ ಬಂದಿರಲಿಲ್ಲ. ಅಲ್ಲಿದ್ದವರು ಯಾರೂ ನನ್ನ ಕಡೆ ನೋಡಲಿಲ್ಲ. ಚಿತೆಯ ಕಡೆ ನೋಡಿದರು.

ಅಣ್ಣನ ಕೈಗಳು ಇಳಿದವು. “ಹೋದನಾ ಮೇಷ್ಟ್ರೇ?” ಎಂದು ನನ್ನ ಭುಜದ ಮೇಲೆ ಬಾಯಿಟ್ಟು ಕೇಳಿದ.

“ಹೋದ ಕಣೋ,” ಎಂದೆ, ಅದೇ ದನಿಯಲ್ಲಿ.

ಹೊರಗೆ ಬರುವಾಗ ಮಾತ್ರ ಇಬ್ಬರೂ ಅಣ್ಣನ ಕಣ್ಣು ನೆಟ್ಟಿದ್ದ ಆ ಖಾಲಿ ಜಾಗವನ್ನು ಸುತ್ತುಹಾಕಿಕೊಂಡೇ ಬಂದೆವು.